ಒಗರಿಗೆ ಕೊಟ್ಟ ವಾಯಿದೆ

ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಡುಗೆಂಪು ನೀರಿಗೆ ಚೊಗರು ಎನ್ನುತ್ತಾರೆ. ಒಂದು ಹನಿ ನಾಲಿಗೆಗೆ ತಾಗಿದರೂ ಬಾಯಿ ಹಿಡಿದುಕೊಳ್ಳುತ್ತದೆ. ಎಂಜಲಿನಲ್ಲಿರುವ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡು ಅದರ ಜಾರುಗುಣವನ್ನು ಕಸಿದುಕೊಳ್ಳುವುದರಿಂದ ಹೀಗಾಗುತ್ತದೆ. ದ್ರಾಕ್ಷಿಯ ಬೀಜದಲ್ಲೂ ಸಿಪ್ಪೆಯಲ್ಲೂ ಇರುವುದು ಇದೇ ಕುಲದ ಟ್ಯಾನಿನ್. ಈ ರುಚಿಗೆ ಕನ್ನಡದಲ್ಲಿ ಒಗರು ಎಂಬ ಸ್ವಂತ ಹೆಸರಿದೆ, ಆರು ರುಚಿಗಳಲ್ಲಿ ಅದಕ್ಕೊಂದು ಸ್ಥಾನವಿದೆ. ಅಡಿಕೆ, ನೆಲ್ಲಿ, ನೇರಳೆ, ಬಾಳೆಕಾಯಿ ತಿಂದು ಬೆಳೆದವರಿಗೆ ಬರೋಲೊ ಎಂಬ ಇಟಲಿಯ ಕೆಂಪು ವೈನಿನ ಸಮಸ್ಯೆಯನ್ನು ವಿವರಿಸುವುದು ಹಾಗಾಗಿ ಸುಲಭ. ಅದನ್ನು ಮಾಡುವ ಮನೆಗಳು ತಲೆತಲಾಂತರದಿಂದ ಕೇಳಿಕೊಂಡು ಬಂದಿರುವುದು ಒಂದೇ ಪ್ರಶ್ನೆ: ಇಷ್ಟೊಂದು ಒಗರನ್ನು ಏನು ಮಾಡುವುದು?

ಇಟಲಿಯ ವಾಯವ್ಯದ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಸುತ್ತ, ಲಾಂಗೆ ಎಂಬ ಗುಡ್ಡಸೀಮೆಯಿದೆ. ಅಲ್ಲಿ ಆಲ್ಬಾದ ನೈರುತ್ಯಕ್ಕಿರುವ 11 ಊರುಗಳ ಎಲ್ಲೆಯೊಳಗೆ ಬೆಳೆದ ನೆಬ್ಬಿಯೋಲೊ ದ್ರಾಕ್ಷಿಯಿಂದ ಮಾತ್ರ ಬರೋಲೊ ಮಾಡಬಹುದು. ಬೇರೆ ಯಾವ ದ್ರಾಕ್ಷಿಯನ್ನೂ ಬೆರೆಸುವಂತಿಲ್ಲ. 1980ರಲ್ಲಿ ಇಟಲಿಯ ಅತ್ಯುನ್ನತ ದರ್ಜೆ ಸಿಕ್ಕಿದ ವೈನ್ ಇದು. ಈಗಿನ ನಿಯಮದಂತೆ ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಿಡಿದು ಕನಿಷ್ಠ 38 ತಿಂಗಳು ಕಳೆಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಲೇಬಲ್ಲಿನ ಮೇಲೆ ರಿಸೆರ್ವಾ ಎಂದು ಬರೆಯಬೇಕಾದರೆ 62 ತಿಂಗಳು. ಪಕ್ಕದ ಬಾರ್ಬರೆಸ್ಕೊ ವೈನಿಗೂ ಇದೇ ದ್ರಾಕ್ಷಿ, ಆದರೆ ವಾಯಿದೆ 26 ತಿಂಗಳು. ಕಾನೂನು ಹೇಳುವುದು ಕನಿಷ್ಠದ ಮಾತು. ಹಳೆಯ ಪದ್ಧತಿಯ ಮನೆಗಳಲ್ಲಿ ವೈನು ಎರಡೂವರೆ, ಮೂರು ವರ್ಷ ಮರದಲ್ಲೇ ಇರುತ್ತದೆ.

ನೆಬ್ಬಿಯೋಲೊ ಹಟದ ಬೆಳೆ. ಎಲ್ಲರಿಗಿಂತ ಮೊದಲೇ ಚಿಗುರಿ ವಸಂತದ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ, ಎಲ್ಲರಿಗಿಂತ ಕೊನೆಗೆ ಹಣ್ಣಾಗಿ ಅಕ್ಟೋಬರಿನ ಮಳೆಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಗುಡ್ಡದ ಅತ್ಯುತ್ತಮ ಜಾಗ ಅದಕ್ಕೇ ಮೀಸಲು. ಚಳಿಗಾಲದಲ್ಲಿ ಹಿಮ ಮೊದಲು ಕರಗುವ, ದಕ್ಷಿಣಕ್ಕೋ ನೈರುತ್ಯಕ್ಕೋ ಮುಖ ಮಾಡಿದ ಇಳಿಜಾರಿಗೆ ಆ ಕಡೆಯವರು ಸೊರೀ ಎನ್ನುತ್ತಾರೆ. ಅಲ್ಲಿ ನೆಬ್ಬಿಯೋಲೊ, ಅದಕ್ಕಿಂತ ಕಡಿಮೆ ಬಿಸಿಲಿನಲ್ಲಿ ಬಾರ್ಬೆರಾ, ತಂಪು ಜಾಗದಲ್ಲಿ ಬೇಗ ಹಣ್ಣಾಗುವ ದೊಲ್ಚೆತ್ತೊ. ಬರೋಲೊಗೆ ಬಡಗು ದಿಕ್ಕಿನ ಇಳಿಜಾರನ್ನು ಕಾನೂನೇ ಒಪ್ಪುವುದಿಲ್ಲ.

ಚಾಟನಿಯಲ್ಲೂ, ಅಂದರೆ ಕಡ್ಡಿ ಕತ್ತರಿಸುವುದರಲ್ಲೂ, ಅದರ ಹಟ ಕಾಣುತ್ತದೆ. ಕಡ್ಡಿಯ ಬುಡದ ಎರಡು ಮೂರು ಕಣ್ಣುಗಳಲ್ಲಿ ಗೊಂಚಲು ಬಿಡುವುದಿಲ್ಲ, ಆದ್ದರಿಂದ ಗಿಡಕ್ಕೆ ಎಂಟು ಹತ್ತು ಕಣ್ಣಿರುವ ಉದ್ದನೆಯ ಒಂದು ಕಡ್ಡಿ ಬಿಟ್ಟು ತಂತಿಗೆ ಬಾಗಿಸಿ ಕಟ್ಟಬೇಕು. ವಿಜಯಪುರದ ಕಡೆ ಥಾಮ್ಸನ್ ಸೀಡ್‌ಲೆಸ್ ಬೆಳೆಯುವವರಿಗೆ ಈ ಮಾತು ಹೊಸದೇನಲ್ಲ. ಆದರೆ ನಮ್ಮಲ್ಲಿ ಬಳ್ಳಿ ಚಳಿಗೆ ಮಲಗುವುದಿಲ್ಲ. ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎಂದು ವರ್ಷಕ್ಕೆರಡು ಸಲ ಕತ್ತರಿಸಿ, ಬಿಸಿಲೇರುವ ಹೊತ್ತಿಗೆ ಕೊಯ್ಯುತ್ತೇವೆ. ನೆಬ್ಬಿಯೋಲೊ ಕೇಳುವುದು ಇದರ ತಿರುವುಮುರುವು: ಉದ್ದನೆಯ ಬೇಸಿಗೆಯ ಕೊನೆಗೆ ತಂಪೇರುತ್ತಾ ಹೋಗುವ ರಾತ್ರಿಗಳು, ಬೆಳಗ್ಗೆ ತಾನರೊ ನದಿಯ ಕಣಿವೆಯಿಂದ ಏರುವ ಮಂಜು. ಹಂಪಿಯ ಕಡೆ ಸಾಂಜೊವೆಸೆ ಎಂಬ ಇನ್ನೊಂದು ಇಟಾಲಿಯನ್ ದ್ರಾಕ್ಷಿ ಒಗ್ಗಿಕೊಂಡಿದೆ. ನೆಬ್ಬಿಯೋಲೊ ಮಾತ್ರ ಪಿಯೆಮೊಂಟೆ ಬಿಟ್ಟು ಹೋದ ಬಹುಪಾಲು ಕಡೆ ಬಡವಾಗಿದೆ.

ಇಳುವರಿಗೂ ಮಿತಿಯಿದೆ, ಹೆಕ್ಟೇರಿಗೆ ಹೆಚ್ಚೆಂದರೆ 8 ಟನ್. ಹೆಕ್ಟೇರಿಗೆ 4,500 ಗಿಡ ಎಂದಿಟ್ಟುಕೊಂಡರೆ ಗಿಡಕ್ಕೆ 1.8 ಕಿಲೊ ಹಣ್ಣು ಸಿಕ್ಕಿತು, ಅಷ್ಟೇ. ಹೆಚ್ಚು ಬಿಟ್ಟ ಗೊಂಚಲನ್ನು ಬೇಸಿಗೆಯಲ್ಲೇ ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ಕೊಯ್ಲಿನ ದಿನ ಗೊತ್ತು ಮಾಡುವಾಗ ಸಕ್ಕರೆಯ ಅಳತೆಯೊಂದನ್ನೇ ನಂಬಿದರೆ ಮೋಸ ಹೋಗುವುದು ಖಂಡಿತ. ಬ್ರಿಕ್ಸ್ ಎಂಬ ಸಕ್ಕರೆಯ ಮಾನದಲ್ಲಿ 24 ಬಂದಿದ್ದರೂ ಬೀಜ ಹಸಿರಾಗಿದ್ದರೆ ಒಗರಿನ ಜೊತೆ ಕಹಿಯೂ ಇಳಿಯುತ್ತದೆ, ಆ ಕಹಿ ಮುಂದೆ ಎಷ್ಟು ವರ್ಷ ಇಟ್ಟರೂ ಹೋಗುವುದಿಲ್ಲ. ಬೀಜ ಕಂದಾಗಿ, ಹುರಿಗಡಲೆಯ ಹಾಗೆ ಹಲ್ಲಿಗೆ ಕಟುಂ ಎನ್ನಬೇಕು. ನನಗೆ ತಿಳಿದ ಮಟ್ಟಿಗೆ ಬರೋಲೊದ ಅರ್ಧ ಹಣೆಬರಹ ಬರೆಯುವುದು ಈ ಬೀಜವೇ.

ಇನ್ನು ಹುದುಗುವಿಕೆ. ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಬೀಜ ಒಡೆಯದಂತೆ ಲಘುವಾಗಿ ಜಜ್ಜಿ, ಸಿಮೆಂಟಿನ ತೊಟ್ಟಿಗೋ ಮರದ ಬಾನಿಗೋ ಸಿಪ್ಪೆ ಬೀಜ ಸಮೇತ ತುಂಬುತ್ತಾರೆ. ಹಳೆಯ ಮನೆಗಳು ಹೊರಗಿನಿಂದ ಯೀಸ್ಟ್ ಹಾಕುವುದಿಲ್ಲ. ಬದಲಿಗೆ ಮುಖ್ಯ ಕೊಯ್ಲಿಗೆ ನಾಲ್ಕೈದು ದಿನ ಮೊದಲು ಒಂದಿಷ್ಟು ಒಳ್ಳೆಯ ಗೊಂಚಲು ತಂದು ಚಿಕ್ಕ ಪಾತ್ರೆಯಲ್ಲಿ ಹುದುಗಲು ಬಿಡುತ್ತಾರೆ. ಅದು ಚೆನ್ನಾಗಿ ಬುರುಗೆದ್ದ ಮೇಲೆ ದೊಡ್ಡ ತೊಟ್ಟಿಗೆ ಹೆಪ್ಪಿನ ಹಾಗೆ ಸೇರಿಸುತ್ತಾರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ ಒಂದರಷ್ಟು ಆಲ್ಕೋಹಾಲ್. 240 ಗ್ರಾಂ ಇದ್ದ ರಸ 14ಕ್ಕೆ ಮುಟ್ಟುತ್ತದೆ. ಈ ಕೆಲಸದಲ್ಲಿ ಹುಟ್ಟುವ ಶಾಖದಿಂದ ತೊಟ್ಟಿ ತಾನಾಗಿ 30 ಡಿಗ್ರಿ ದಾಟುತ್ತದೆ. ಅಲ್ಲಿಯವರೆಗೆ ಒಳ್ಳೆಯದೇ, ಆ ಬಿಸಿಯೇ ಸಿಪ್ಪೆಯಿಂದ ಸಾರ ಇಳಿಸುತ್ತದೆ. 35ರ ಹತ್ತಿರ ಹೋಯಿತೋ, ಯೀಸ್ಟ್ ಸಾಯತೊಡಗುತ್ತದೆ. ಸಕ್ಕರೆ ಅರ್ಧದಲ್ಲೇ ಉಳಿಯುತ್ತದೆ. ಹಾಗೆ ನಿಂತುಹೋದ ತೊಟ್ಟಿಯಲ್ಲಿ ಉಳಿದ ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದು ಹುಳಿ ಮಾಡುತ್ತದೆ. ಅದನ್ನು ಮತ್ತೆ ಹತ್ತಿಸುವುದು ಕಷ್ಟ. ಆರೋಗ್ಯವಾಗಿ ಹುದುಗುತ್ತಿರುವ ಬೇರೆ ತೊಟ್ಟಿಯ ರಸವನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಕಾಯಬೇಕು.

ಹುದುಗುವಾಗ ಏಳುವ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ಹಾಗೆ ತೇಲುವ ದಪ್ಪ ಪದರಕ್ಕೆ ಇಟಲಿಯವರು ಟೋಪಿ ಎನ್ನುತ್ತಾರೆ. ಟೋಪಿ ಒಣಗಿತೆಂದರೆ ಗಾಳಿ ತಾಗಿ ವಿನೆಗರ್ ಹುಟ್ಟುತ್ತದೆ, ನೊಣ ಕೂರುತ್ತದೆ. ಆದ್ದರಿಂದ ದಿನಕ್ಕೆರಡು ಮೂರು ಸಲ ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಮೇಲೆ ಸುರಿಯಬೇಕು. ಹತ್ತು ಹದಿನೈದು ದಿನಕ್ಕೆ ಸಕ್ಕರೆ ಮುಗಿಯುತ್ತದೆ. ಬೇರೆ ಬಹಳಷ್ಟು ಕೆಂಪು ವೈನುಗಳಿಗೆ ಇಲ್ಲಿಗೆ ಕೆಲಸ ಮುಗಿಯಿತು, ಸಿಪ್ಪೆ ಹಿಂಡಿ ಬದಿಗಿಡುತ್ತಾರೆ. ಸಾಂಪ್ರದಾಯಿಕ ಬರೋಲೊದ ವಿಶೇಷ ಶುರುವಾಗುವುದೇ ಇಲ್ಲಿಂದ. ತೊಟ್ಟಿಯ ಬಾಯಿಯೊಳಗೆ ಮರದ ಪಟ್ಟಿಗಳನ್ನು ಅಡ್ಡ ಹಾಕಿ, ಬೆಣೆ ಹೊಡೆದು, ಟೋಪಿಯನ್ನು ರಸದ ಮಟ್ಟದಿಂದ ಕೆಳಗೆ ಒತ್ತಿ ಹಿಡಿಯುತ್ತಾರೆ. ಸಿಪ್ಪೆ ಅಲುಗದೆ ಇನ್ನೂ ಇಪ್ಪತ್ತರಿಂದ ನಲವತ್ತೈದು ದಿನ ಮುಳುಗಿಯೇ ಇರುತ್ತದೆ. ಒಟ್ಟು 30ರಿಂದ 60 ದಿನ.

ಒಗರು ಹೆಚ್ಚಿರುವ ದ್ರಾಕ್ಷಿಯ ಸಿಪ್ಪೆಯನ್ನು ಇನ್ನೂ ಹೆಚ್ಚು ದಿನ ನೆನೆಸುವುದು ಮೇಲುನೋಟಕ್ಕೆ ತಪ್ಪು ಲೆಕ್ಕ. ಆದರೆ ಇದನ್ನು ಕಷಾಯದ ಹಾಗೆ ನೋಡಬಾರದು, ಡಿಕಾಕ್ಷನ್ ಹಾಗೆ ನೋಡಬೇಕು. ಕುದಿಸಿ ಕಲಕಿದರೆ ಬರುವ ಕಹಿ ಬೇರೆ, ನಿಧಾನಕ್ಕೆ ಇಳಿಯುವ ಸತ್ವ ಬೇರೆ. ಮುಳುಗಿದ ಸಿಪ್ಪೆಯನ್ನು ಯಾರೂ ತುಳಿಯುವುದಿಲ್ಲ, ಪಂಪು ಮಾಡುವುದಿಲ್ಲ. ಜೊತೆಗೆ ದಿನ ಕಳೆದಂತೆ ಟ್ಯಾನಿನ್ನಿನ ಚಿಕ್ಕ ಅಣುಗಳು ಒಂದಕ್ಕೊಂದು, ಬಣ್ಣದ ಕಣಗಳಿಗೆ ಕೂಡ, ಸೇರಿಕೊಂಡು ಉದ್ದವಾಗತೊಡಗುತ್ತವೆ. ಒಂದಷ್ಟು ಭಾಗ ಸಿಪ್ಪೆಗೂ ಸತ್ತ ಯೀಸ್ಟಿಗೂ ಅಂಟಿ ಹಿಂದಕ್ಕೆ ಹೋಗುತ್ತದೆ. ಇಪ್ಪತ್ತನೆಯ ದಿನ ರುಚಿ ನೋಡಿದರೆ ಬಾಯಿ ಕಟ್ಟಿಹೋಗುವ ವೈನು ನಲವತ್ತನೆಯ ದಿನ ಅದಕ್ಕಿಂತ ದುಂಡಗಿರುವುದು ಈ ಕಾರಣಕ್ಕೆ. ಇದಕ್ಕೆ ಎರಡು ಷರತ್ತು. ಹಣ್ಣು ಕೊಳೆತಿರಬಾರದು. ತೊಟ್ಟಿಯ ಬಾಯಿ ಗಾಳಿಗೆ ತೆರೆದಿರಬಾರದು, ಏಕೆಂದರೆ ಹುದುಗು ನಿಂತ ಮೇಲೆ ರಕ್ಷಣೆಗೆ ಅನಿಲದ ಹೊದಿಕೆ ಇರುವುದಿಲ್ಲ. ಮಳೆಗೆ ಸಿಕ್ಕಿದ ವರ್ಷ ಅರವತ್ತು ದಿನ ನೆನೆಸುತ್ತೇನೆಂದು ಹಟ ಹಿಡಿದವರಿಗೆ ಸಿಗುವುದು ಕೊಳೆತ ಎಲೆಯ ವಾಸನೆ.

ವೈನು ಬಸಿದ ಮೇಲೆ ಸಿಪ್ಪೆ ಹಿಂಡಿ ಬಂದದ್ದನ್ನು ಬೇರೆ ಇಡುತ್ತಾರೆ. ಮುಂದಿನದು ಎರಡನೆಯ ಹುದುಗು. ಮಾವಿನಕಾಯಿ ಹುಳಿಯಂಥ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ಮೊಸರಿನ ಹುಳಿಯಾದ ಲ್ಯಾಕ್ಟಿಕ್‌ಗೆ ತಿರುಗಿಸುವ ಹಂತ. ಅದಕ್ಕೆ ಸುಮಾರು 20 ಡಿಗ್ರಿ ಬೇಕು. ನವೆಂಬರಿನಲ್ಲಿ ಲಾಂಗೆಯ ನೆಲಮಾಳಿಗೆ ತಣ್ಣಗಾಗಿಬಿಡುತ್ತದೆ. ಆ ಹೊತ್ತಿಗೆ ಮುಗಿಯದಿದ್ದರೆ ವಸಂತದವರೆಗೆ ಕಾಯುವುದೇ. ಈ ನಡುವಿನ ತಿಂಗಳುಗಳೇ ಅತ್ಯಂತ ಅಪಾಯದ ಕಾಲ. ಗಂಧಕದ ಡೈಆಕ್ಸೈಡ್ ಹಾಕಿದರೆ ಬೇಕಾದ ಬ್ಯಾಕ್ಟೀರಿಯಾ ಸಾಯುತ್ತದೆ, ಹಾಕದಿದ್ದರೆ ಬ್ರೆಟ್ಟನೊಮೈಸಿಸ್ ಎಂಬ ಬೇಡದ ಯೀಸ್ಟ್ ಬೆಳೆಯಬಹುದು. ಅದು ಹತ್ತಿದ ವೈನಿಗೆ ಕುದುರೆ ಲಾಯದ, ಹಳೆಯ ಬ್ಯಾಂಡೇಜಿನ ವಾಸನೆ. ಪಾತ್ರೆ ತುಂಬಿ ತುಳುಕುವಷ್ಟಿರಬೇಕು, ಸಕ್ಕರೆ ಚೂರೂ ಉಳಿದಿರಬಾರದು. ಇವೆರಡನ್ನು ಬಿಟ್ಟು ಬೇರೆ ಕಾವಲಿಲ್ಲ.

ನಂತರ ಬೊತ್ತೆ, ಅಂದರೆ ದೊಡ್ಡ ಪೀಪಾಯಿ. ಕ್ರೊಯೇಷಿಯಾದ ಸ್ಲಾವೊನಿಯಾ ಪ್ರದೇಶದ ಓಕ್ ಮರದ್ದು, 20ರಿಂದ 50 ಹೆಕ್ಟೋಲೀಟರ್, ಕೆಲವು 100ಕ್ಕೂ ಮಿಕ್ಕಿ. ಒಂದು ಹೆಕ್ಟೋಲೀಟರ್ ಎಂದರೆ 100 ಲೀಟರ್. ಹಲಗೆಯ ದಪ್ಪ ಐದಾರು ಸೆಂಟಿಮೀಟರಿಗೆ ಕಡಿಮೆಯಿಲ್ಲ. ಸೆಂಟಿಮೀಟರ್ ದಪ್ಪಕ್ಕೆ ಒಂದು ವರ್ಷದಂತೆ ಹಲಗೆಯನ್ನು ಮಳೆ ಬಿಸಿಲಿಗೆ ಒಡ್ಡಿ ಹದ ಮಾಡಬೇಕೆಂಬುದು ಪೀಪಾಯಿ ಕಟ್ಟುವವರ ಲೆಕ್ಕ. ಫ್ರಾನ್ಸಿನ ಬಾರಿಕ್ ಪೀಪಾಯಿ 225 ಲೀಟರಿನದು, ಹಲಗೆ ಎರಡೂವರೆ ಸೆಂಟಿಮೀಟರ್. ಬಾರಿಕ್‌ನಲ್ಲಿ ಲೀಟರ್ ವೈನಿಗೆ ಸುಮಾರು 90 ಚದರ ಸೆಂಟಿಮೀಟರ್ ಮರ ತಾಗಿದರೆ, 50 ಹೆಕ್ಟೋಲೀಟರ್ ಬೊತ್ತೆಯಲ್ಲಿ ಅದರ ಮೂರನೇ ಒಂದು ಪಾಲು. ಹಳೆಯ ಬೊತ್ತೆ ಮರದ ರುಚಿಯನ್ನು ಕೊಡುವುದೇ ಇಲ್ಲ. ಅದು ಕೊಡುವುದು ಹಲಗೆಯ ರಂಧ್ರ, ಸಂದುಗಳಲ್ಲಿ ನುಸುಳುವ ತೃಣಮಾತ್ರ ಆಮ್ಲಜನಕ. ಆ ಆಮ್ಲಜನಕವೇ ಟ್ಯಾನಿನ್ ಅಣುಗಳ ನಡುವೆ ಸೇತುವೆ ಕಟ್ಟುತ್ತದೆ, ಒಗರಿನ ಚೂಪು ಮೊಂಡಾಗುತ್ತದೆ. ನೆಬ್ಬಿಯೋಲೊದಲ್ಲಿ ಒಗರು ಧಾರಾಳ, ಬಣ್ಣ ಮಾತ್ರ ಕಡಿಮೆ, ಇರುವ ಬಣ್ಣವೂ ಬೇಗ ಮಾಸುವ ಜಾತಿಯದು. ಮೂರು ವರ್ಷದ ಹೊತ್ತಿಗೇ ಅಂಚಿನಲ್ಲಿ ಇಟ್ಟಿಗೆಯ ಕೆಂಪು ಕಾಣುತ್ತದೆ. ಲೋಟದ ತಳ ಕಾಣುವಷ್ಟು ತೆಳು ಬಣ್ಣದ ಈ ವೈನು ಬಾಯಲ್ಲಿ ಇಷ್ಟು ಗಟ್ಟಿಯಾಗಿರುವುದು ಮೊದಲ ಸಲ ಕುಡಿದವರಿಗೆ ಅಚ್ಚರಿ ತರುತ್ತದೆ.

ಬೊತ್ತೆಯನ್ನು ನೋಡಿಕೊಳ್ಳುವುದು ದನ ಸಾಕಿದ ಹಾಗೆ, ರಜೆಯಿಲ್ಲ. ಹೊಸ ಬೊತ್ತೆ ಬಂದರೆ ಮೊದಲು ಬಿಸಿನೀರು, ಉಪ್ಪುನೀರಿನಲ್ಲಿ ನೆನೆಸಿ ಮರದ ಕಟುತನ ತೆಗೆದು, ಮೊದಲ ವರ್ಷ ಬಾರ್ಬೆರಾದಂಥ ವೈನು ತುಂಬಿ ಪಳಗಿಸಬೇಕು. ತುಂಬಿದ ಬೊತ್ತೆಯಿಂದ ವೈನು ಸದಾ ಆವಿಯಾಗುತ್ತಿರುತ್ತದೆ. ಬಾಯಿಯ ಬಳಿ ಒಂದು ಬೆರಳಿನಷ್ಟು ಗಾಳಿ ನಿಂತರೂ ಅಸಿಟಿಕ್ ಬ್ಯಾಕ್ಟೀರಿಯಾಕ್ಕೆ ಅದೇ ಸಾಕು. ಆದ್ದರಿಂದ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅದೇ ವರ್ಷದ, ಅದೇ ವೈನಿನಿಂದ ತುಂಬಿ ಮಟ್ಟ ಮಾಡಬೇಕು. ಇದಕ್ಕೆಂದೇ 54 ಲೀಟರಿನ ಗಾಜಿನ ಬುರುಡೆಗಳಲ್ಲಿ ಒಂದಷ್ಟು ವೈನು ಎತ್ತಿಟ್ಟಿರುತ್ತಾರೆ. ಈ ಅಸಿಟಿಕ್ ಆಮ್ಲ ಏರಿದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ: ಕೆಂಪು ವೈನಿನಲ್ಲಿ ಲೀಟರಿಗೆ 1.2 ಗ್ರಾಂ ದಾಟಿದರೆ ಯುರೋಪಿನ ಕಾನೂನು ಮಾರಲು ಬಿಡುವುದಿಲ್ಲ. ಒಂದು 50 ಹೆಕ್ಟೋಲೀಟರ್ ಬೊತ್ತೆ ಕೆಟ್ಟರೆ ಹೋಗುವುದು ಸುಮಾರು 6,600 ಬಾಟಲಿ.

ತುಂಬಿದ ಬೊತ್ತೆಗಿಂತ ಖಾಲಿ ಬೊತ್ತೆಯ ಚಿಂತೆ ಹೆಚ್ಚು. ಒಣಗಿದರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ, ಒದ್ದೆಯಾಗಿಟ್ಟರೆ ಬೂಸ್ಟು. ತೊಳೆದು, ಆರಿಸಿ, ಒಳಗೆ ಗಂಧಕದ ಬತ್ತಿ ಉರಿಸಿ, ಬಾಯಿ ಮುಚ್ಚಿ, ಕೆಲವು ವಾರಕ್ಕೊಮ್ಮೆ ಅದನ್ನೇ ಮತ್ತೆ ಮಾಡಬೇಕು. ಒಳಗೋಡೆಗೆ ವರ್ಷವರ್ಷವೂ ಟಾರ್ಟರ್ ಹರಳು ಕಟ್ಟುತ್ತದೆ. ಬಾಗಿಲಿನ ಕಿಂಡಿಯಿಂದ ಒಬ್ಬರು ಒಳಗೆ ನುಸುಳಿ ಕೆರೆದು ತೆಗೆಯದಿದ್ದರೆ ಹರಳಿನ ಹಿಂದೆ ಬ್ರೆಟ್ಟನೊಮೈಸಿಸ್ ಮನೆ ಮಾಡುತ್ತದೆ, ಬಿಸಿನೀರು ಅಲ್ಲಿಗೆ ಮುಟ್ಟುವುದಿಲ್ಲ. ಒಳಗೆ ಇಳಿಯುವ ಮೊದಲು ಗಾಳಿಯಾಡಿಸದಿದ್ದರೆ ಜೀವಕ್ಕೇ ಕುತ್ತು. ಮುಚ್ಚಳದ ಹಲಗೆ ಸೋರಿದರೆ ಸಂದಿಗೆ ಒಣಗಿದ ಆಪಿನ ಹುಲ್ಲಿನ ಎಲೆ ತುರುಕಿ ಸರಿಮಾಡುವ ಕ್ರಮ ಇನ್ನೂ ಇದೆ. ಹೀಗೆ ಕಾಪಾಡಿದ ಬೊತ್ತೆ ಐವತ್ತು ವರ್ಷವೂ ಬಾಳುತ್ತದೆ, ಅಪ್ಪನ ಬೊತ್ತೆಯಲ್ಲಿ ಮಗಳು ವೈನು ಇಡುತ್ತಾಳೆ.

ಕಾಪಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 1980ರ ದಶಕದ ಜಗಳವೇ ಸಾಕ್ಷಿ. ಆಗ ಎಷ್ಟೋ ಮನೆಗಳ ಬೊತ್ತೆಗಳು ಕೊಳಕಾಗಿದ್ದವು, ವೈನು ಒಣಗಿ ಹುಳಿಯಾಗಿತ್ತು, ಇಳುವರಿ ಮಿತಿಮೀರಿತ್ತು. ಲಾ ಮೊರ್ರಾ ಊರಿನ ಎಲಿಯೊ ಅಲ್ತಾರೆ 1983ರಲ್ಲಿ ತಂದೆಯ ಬೊತ್ತೆಗಳನ್ನು ಯಂತ್ರಗರಗಸದಿಂದ ಕತ್ತರಿಸಿಹಾಕಿದರು. ಅವರ ಜೊತೆಗಾರರು ಅಡ್ಡಲಾಗಿ ತಿರುಗುವ ಉಕ್ಕಿನ ತೊಟ್ಟಿಯಲ್ಲಿ ಕೆಲವೇ ದಿನ ಸಿಪ್ಪೆ ನೆನೆಸಿ, ಹೊಸ ಬಾರಿಕ್‌ನಲ್ಲಿ ವೈನು ಇಟ್ಟರು. ಬೇಗ ಕುಡಿಯಬಹುದಾದ, ಬಣ್ಣ ಗಟ್ಟಿಯಾದ, ವೆನಿಲಾ ಪರಿಮಳದ ಬರೋಲೊ ಹುಟ್ಟಿತು. ಅಮೆರಿಕ ಅದನ್ನು ಕೊಂಡಿತು. ರೋಗವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಗೊಂಚಲು ಕಡಿಮೆ ಮಾಡುವುದನ್ನೂ ಶುಚಿಯನ್ನೂ ಇಡೀ ಸೀಮೆ ಅವರಿಂದ ಕಲಿಯಿತು, ಆ ಋಣವನ್ನು ಒಪ್ಪಿಕೊಳ್ಳಬೇಕು. ಔಷಧದ ಬಗ್ಗೆ ಮಾತ್ರ ನನ್ನ ತಕರಾರು. ಹೊಸ ಓಕ್ ತನ್ನದೇ ಟ್ಯಾನಿನ್ನನ್ನೂ ಪರಿಮಳವನ್ನೂ ಸೇರಿಸುತ್ತದೆ. ಗುಲಾಬಿ, ಡಾಂಬರು, ಒಣಗಿದ ಚೆರ್ರಿಯ ಹದವಾದ ವಾಸನೆಯ ಮೇಲೆ ವೆನಿಲಾ ಸುರಿದರೆ ಕಾಣೆಯಾಗುವುದು ಊರಿನ ಗುರುತು. ಈಗ ಅದೇ ಸೀಮೆಯಲ್ಲಿ ಬಹಳ ಮಂದಿ ದೊಡ್ಡ ಪೀಪಾಯಿಗೆ ಮರಳಿದ್ದಾರೆ, ತೊಳೆದ ಪೀಪಾಯಿಗೆ.

ಆ ಗದ್ದಲದಲ್ಲಿ ಕದಲದೆ ನಿಂತ ಮನೆಗಳಲ್ಲಿ ಬಾರ್ತೊಲೊ ಮಸ್ಕರೆಲ್ಲೊ ಅವರದು ಒಂದು. ಮೊದಲನೆಯ ಮಹಾಯುದ್ಧ ಮುಗಿದ ಹೊತ್ತಿಗೆ ತಂದೆ ಜೂಲಿಯೊ ಬರೋಲೊ ಊರಿನಲ್ಲಿ ಕಟ್ಟಿದ ಮನೆತನ. ಬಾರ್ತೊಲೊ ಕೈಯಿಂದಲೇ ಚಿತ್ರ ಬರೆದು ‘ಬಾರಿಕ್ ಬೇಡ, ಬೆರ್ಲುಸ್ಕೋನಿ (ಇಟಲಿಯ ರಾಜಕಾರಣಿ) ಬೇಡ’ ಎಂಬ ಲೇಬಲ್ ಅಂಟಿಸಿದ್ದು ಲೋಕಪ್ರಸಿದ್ಧ. 2005ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮರಿಯಾ ತೆರೆಸಾ ನಡೆಸುತ್ತಿದ್ದಾರೆ. ಲೇಬಲ್ಲಿಗಿಂತ ದೊಡ್ಡ ಮಾತು ಅವರ ಬೆರಕೆಯ ಕ್ರಮ. ಕನ್ನೂಬಿ, ಸಾನ್ ಲೊರೆಂಜೊ, ರುಯೆ ಎಂಬ ಬರೋಲೊದ ಮೂರು ತೋಟ, ಲಾ ಮೊರ್ರಾದ ರೊಕ್ಕೆ. ನಾಲ್ಕರ ಹಣ್ಣನ್ನೂ ಸೇರಿಸಿ ಒಂದೇ ಬರೋಲೊ ಮಾಡುತ್ತಾರೆ. ತೋಟಕ್ಕೊಂದು ಹೆಸರಿಟ್ಟು ಬೇರೆ ಬೇರೆ ಬಾಟಲಿ ಮಾಡಿದರೆ ಬೆಲೆ ಹೆಚ್ಚು ಸಿಗುತ್ತದೆ. 2010ರ ನಿಯಮದಲ್ಲಿ ಅಂಥ 170 ಹೆಸರುಗಳಿಗೆ, ಊರಿನ ಹೆಸರುಗಳೂ ಸೇರಿದರೆ 181ಕ್ಕೆ, ಮನ್ನಣೆಯಿದೆ. ಆದರೆ ಒಂದು ತೋಟಕ್ಕೆ ಬಿಸಿಲು ಹೆಚ್ಚಾದ ವರ್ಷ ಇನ್ನೊಂದರ ತಂಪು ಕೈಹಿಡಿಯುತ್ತದೆ ಎಂಬುದು ಹಳಬರ ಅನುಭವ. ಮೊನ್ಫೊರ್ತೆಯ ಜಾಕೊಮೊ ಕೊಂತೆರ್ನೊ ಮನೆತನ ಇನ್ನೊಂದು ಬಗೆಯದು. ಅವರ ಮೊನ್ಫೊರ್ತೀನೊ ರಿಸೆರ್ವಾ ಏಳು ವರ್ಷದವರೆಗೂ ಬೊತ್ತೆಯಲ್ಲಿದ್ದು ಹೆಸರಾದದ್ದು. ಆಲಿಕಲ್ಲು ಬಿದ್ದು ಬಹಳ ಮನೆಗಳು ಬರೋಲೊ ಕೈಬಿಟ್ಟ 2002ರಲ್ಲೂ ಅವರು ಅದನ್ನು ಮಾಡಿದರು.

ಇಷ್ಟೆಲ್ಲ ಕಾಯುವುದಕ್ಕೆ ಹಣ ಎಲ್ಲಿಂದ? ಐದು ಹೆಕ್ಟೇರ್ ತೋಟದ ಮನೆಯೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಮಿತಿಯಷ್ಟೂ ಬೆಳೆದರೆ 40 ಟನ್ ಹಣ್ಣು. ಅದರ ಶೇಕಡಾ 68 ವೈನಾಗುತ್ತದೆ ಎಂದರೆ 27,200 ಲೀಟರ್, ಸುಮಾರು 36,000 ಬಾಟಲಿ. 2020ರ ಅಕ್ಟೋಬರಿನಲ್ಲಿ ಕೊಯ್ದದ್ದನ್ನು ಮಾರಲು ಸಿಕ್ಕುವುದು 2024ರ ಜನವರಿ 1ಕ್ಕೆ. ಅದರ ಹಿಂದಿನ ದಿನ ನೆಲಮಾಳಿಗೆಯಲ್ಲಿ ನಾಲ್ಕು ವರ್ಷದ ಬೆಳೆ ಕೂತಿರುತ್ತದೆ, 1,44,000 ಬಾಟಲಿಯಷ್ಟು, ಒಂದು ಕಾಸೂ ತಾರದೆ. ಮೂರು ವರ್ಷದ ವೈನಿಗೆ 50 ಹೆಕ್ಟೋಲೀಟರಿನ ಹದಿನೇಳು ಬೊತ್ತೆಗಳಾದರೂ ಬೇಕು. ತಂಪು ಜಾಗದ ದೊಲ್ಚೆತ್ತೊ, ಬಾರ್ಬೆರಾಗಳ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ದೊಲ್ಚೆತ್ತೊ ಮುಂದಿನ ವಸಂತಕ್ಕೇ ಮಾರಾಟವಾಗುತ್ತದೆ, ಬಾರ್ಬೆರಾ ಅದರ ಮರುವರ್ಷ. ಹಿತ್ತಲ ಕಾಳುಮೆಣಸು ತೋಟ ಸಾಕುವ ಹಾಗೆ ಈ ಎರಡು ವೈನುಗಳು ಬರೋಲೊವನ್ನು ಸಾಕುತ್ತವೆ. ವಾರ್ಷಿಕ ಲಾಭ ಕೇಳುವ ಷೇರುದಾರರಿದ್ದರೆ ಹದಿನೆಂಟು ತಿಂಗಳಿಗೆ ಬೊತ್ತೆ ಖಾಲಿಮಾಡಿ ಎನ್ನುತ್ತಾರೆ. ಮನೆತನಕ್ಕೆ ಹಾಗೆ ಹೇಳುವವರಿಲ್ಲ. ಆದರೆ ಈಗ ಕನ್ನೂಬಿಯಂಥ ಗುಡ್ಡದ ನೆಲದ ಬೆಲೆ ಎಷ್ಟು ಏರಿದೆಯೆಂದರೆ ಆಸ್ತಿ ಪಾಲಾಗುವ ದಿನ ಒಡಹುಟ್ಟಿದವರ ಪಾಲನ್ನು ಕೊಂಡು ಉಳಿಸಿಕೊಳ್ಳುವುದು ಚಿಕ್ಕ ಮನೆಗಳಿಗೆ ಆಲಿಕಲ್ಲಿಗಿಂತ ದೊಡ್ಡ ಭಯ.

ಬಾಟಲಿಗೆ ತುಂಬುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ, ಹೊಸ ಕೊಯ್ಲಿಗೆ ಬೊತ್ತೆ ಬಿಡುವಾಗಬೇಕಲ್ಲ. ಬಾಟಲಿಯೊಳಗೂ ಒಗರಿನ ಕೆಲಸ ನಡೆದೇ ಇರುತ್ತದೆ, ಗಾಳಿಯಿಲ್ಲದೆ, ಇನ್ನೂ ನಿಧಾನವಾಗಿ. ಉದ್ದವಾದ ಅಣುಗಳು ಭಾರವಾಗಿ ಬಣ್ಣದ ಜೊತೆ ತಳಕ್ಕಿಳಿಯುತ್ತವೆ, ಅದೇ ಹಳೆಯ ಬಾಟಲಿಯ ಗಸಿ. 2010, 2016ರಂಥ ಗಟ್ಟಿ ವರ್ಷದ ಬರೋಲೊವನ್ನು ಹತ್ತು ವರ್ಷಕ್ಕೆ ಮೊದಲು ತೆರೆಯುವುದು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬಾಟಲಿ ಇಟ್ಟುಕೊಳ್ಳುವವರು ಒಂದು ಮಾತು ನೆನಪಿಡಬೇಕು: ಅದು ಬೆಳೆದದ್ದು 12ರಿಂದ 14 ಡಿಗ್ರಿಯ ನೆಲಮಾಳಿಗೆಯಲ್ಲಿ. ಏಪ್ರಿಲಿನ ಅಡುಗೆಮನೆಯ ಕಪಾಟಿನಲ್ಲಿ ಎರಡು ಬೇಸಿಗೆ ಕಳೆದರೆ ಕಾರ್ಕ್ ಉಬ್ಬುತ್ತದೆ, ವೈನು ಬೆಂದ ಹಣ್ಣಿನ ರುಚಿಗಿಳಿಯುತ್ತದೆ. ತಂಪು ಜಾಗವಿಲ್ಲದಿದ್ದರೆ ಕೊಂಡು ಇಡದೆ, ಮಾಗಿದ್ದನ್ನೇ ಕೊಂಡು ಕುಡಿಯುವುದು ಲೇಸು.

ಎಳೆಯದನ್ನೇ ತೆರೆಯಬೇಕಾಗಿ ಬಂದರೆ ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ಮೂರು ನಾಲ್ಕು ಗಂಟೆ ಗಾಳಿಗೆ ಬಿಡಿ, ಜೊತೆಗೆ ಬೆಣ್ಣೆ, ಚೀಸು, ನಿಧಾನ ಬೆಂದ ಮಾಂಸದಂಥ ಜಿಡ್ಡಿನ ಊಟವಿರಲಿ. ಚಹಾದ ಒಗರನ್ನು ಹಾಲು ತಗ್ಗಿಸುವುದು ಯಾವ ಕಾರಣಕ್ಕೋ ಇಲ್ಲಿಯೂ ಅದೇ, ಟ್ಯಾನಿನ್ನಿಗೆ ಎಂಜಲಿನ ಬದಲು ಬೇರೆ ಪ್ರೋಟೀನ್ ಸಿಕ್ಕಿರುತ್ತದೆ. ಇಪ್ಪತ್ತು ವರ್ಷದ ಬಾಟಲಿಗೆ ಈ ಉಪಚಾರ ಬೇಡ. ಎರಡು ದಿನ ಮೊದಲು ನೆಟ್ಟಗೆ ನಿಲ್ಲಿಸಿ, 17 ಡಿಗ್ರಿಯ ಆಸುಪಾಸಿಗೆ ತಂಪು ಮಾಡಿ, ಕಾರ್ಕನ್ನು ಅಲುಗಿಸದೆ ತೆಗೆದು, ಕತ್ತಿನ ಹಿಂದೆ ಒಂದು ದೀಪವಿಟ್ಟುಕೊಂಡು ಒಂದೇ ಓಟದಲ್ಲಿ ನಿಧಾನಕ್ಕೆ ಬಸಿಯಿರಿ. ನಡುವೆ ಬಾಟಲಿ ನೆಟ್ಟಗೆ ಮಾಡಿದರೆ ಗಸಿ ಕದಡುತ್ತದೆ. ಕತ್ತಿನ ಬಳಿ ಮೊದಲ ಕಪ್ಪು ಎಳೆ ಕಂಡ ಕೂಡಲೇ ನಿಲ್ಲಿಸಿ. ಉಳಿದ ಎರಡು ಬೆರಳಷ್ಟು ಬಾಟಲಿಯಲ್ಲೇ ಇರಲಿ.